ಬೇಲಿಯೇ ಎದ್ದು ಹೊಲ ಮೇಯ್ದರೆ: ಬಾಯಿಯ ಗುಳ್ಳೆರೋಗಗಳನ್ನು ಕುರಿತು ಒಂದು ವಿವೇಚನೆ

ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ

ವೈದ್ಯವಿಜ್ಞಾನದ ವಿಷಯವನ್ನು ಬರೆಯಲು ಕಲಾ ವಿಭಾಗದ ವಿದ್ಯಾರ್ಥಿಗೆ ಏನು ಅಧಿಕಾರ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಆದರೆ ಎರಡು ವರ್ಷಗಳ ಹಿಂದೆ ಈ ವಿಷಯ ತಾನಾಗಿಯೇ ನಮ್ಮ ಮನೆಯ ಬಾಗಿಲಿಗೆ ಬಂದಿತು. ಆ ಸಂದರ್ಭವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ.

ನನ್ನ ತಾಯಿ ಗಾಂಧಿನಗರದ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಸಾರಿನ ಉಪ್ಪುಹುಳಿ ಸರಿಯಾಗಿದೆಯೇ ಎಂದು ಅಂಗೈಗೆ ಒಂದು ಹನಿ ಹಾಕಿಕೊಂಡು ನೋಡುವುದು ಅವರ ಕೆಲಸಗಳಲ್ಲೊಂದು. ಒಂದು ದಿನ ಆ ಒಂದು ಹನಿಯೇ ಬೆಂಕಿಯಂತೆ ಉರಿಯಿತು. ಕೆನ್ನೆಯ ಒಳಭಾಗದಲ್ಲೂ ವಸಡಿನ ಮೇಲೂ ಸಿಪ್ಪೆ ಸುಲಿದಂತಹ ಹುಣ್ಣು ಕಾಣಿಸಿತು. ಉಷ್ಣವೆಂದು ಬೆಣ್ಣೆ ಹಚ್ಚಿದೆವು, ಎಳನೀರು ಕೊಟ್ಟೆವು, ಅಂಗಡಿಯಿಂದ ಜೀವಸತ್ವದ ಮಾತ್ರೆಗಳನ್ನು ತಂದೆವು. ಒಂದು ಕಡೆ ಹಲ್ಲಿನಿಂದಲೇ ಹುಣ್ಣಾಗಿದೆ ಎಂದು ಎರಡು ಹಲ್ಲುಗಳನ್ನು ಕೀಳಿಸಿದ್ದೂ ಆಯಿತು. ಹುಣ್ಣು ಮಾಯಲಿಲ್ಲ. ನಾಲ್ಕು ತಿಂಗಳು ಗಂಜಿಯಲ್ಲೇ ಕಳೆದ ಮೇಲೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ತರುಣ ವೈದ್ಯರೊಬ್ಬರು ಬಾಯಿಯನ್ನು ನೋಡಿ, ಚೂರು ತೆಗೆದು ಪರೀಕ್ಷಿಸಬೇಕೆಂದರು. ಒಪ್ಪಿಗೆಯ ಪತ್ರ ಇಂಗ್ಲಿಷಿನಲ್ಲಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಅದನ್ನು ಓದಿ ಹೇಳುವ ಭಾರ ನನ್ನ ಮೇಲೆ ಬಿತ್ತು. ಓದಿದೆ, ಹೇಳಲಾಗಲಿಲ್ಲ. ತಾಯಿ ಹೆಬ್ಬೆಟ್ಟು ಒತ್ತಿದರು. ಹತ್ತು ದಿನಗಳ ನಂತರ ಚೀಟಿಯಲ್ಲಿ ಬಂದ ಹೆಸರು 'ಪೆಂಫಿಗಸ್ ವಲ್ಗಾರಿಸ್'. "ನನ್ನ ರಕ್ತವೇ ನನ್ನ ಬಾಯನ್ನು ಸುಲಿಯುತ್ತಿದೆಯಂತೆ, ನಾನು ಏನು ತಪ್ಪು ಮಾಡಿದೆ?" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಬಿ.ಎಸ್‌ಸಿ. ಓದುತ್ತಿರುವ ಸ್ನೇಹಿತರನ್ನೂ ಅಧ್ಯಾಪಕರನ್ನೂ ಕಾಡಿ, ಪುಸ್ತಕಗಳನ್ನು ತಡಕಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಇಡುತ್ತಿದ್ದೇನೆ.

೧. ಬಾಯಿಯ ಒಳಗೋಡೆ

ರೋಗವನ್ನು ತಿಳಿಯುವ ಮೊದಲು ಆರೋಗ್ಯವನ್ನು ತಿಳಿಯಬೇಕು. ನಮ್ಮ ಕೆನ್ನೆಯ ಒಳಭಾಗವನ್ನು ನಾಲಗೆಯಿಂದ ಸವರಿದರೆ ನುಣುಪಾಗಿ, ಒದ್ದೆಯಾಗಿ ಇರುತ್ತದೆ. ಈ ಒಳಪೊರೆಗೆ ಲೋಳೆಪೊರೆ ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ಇಟ್ಟಿಗೆಗಳನ್ನು ವರಸೆವರಸೆಯಾಗಿ ಜೋಡಿಸಿದ ಗೋಡೆಯಂತೆ ಕಾಣುತ್ತದೆ. ಒಂದೊಂದು ಇಟ್ಟಿಗೆಯೂ ಒಂದು ಜೀವಕೋಶ. ಅತ್ಯಂತ ಕೆಳಗಿನ ವರಸೆಯಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಅವು ಮೇಲಕ್ಕೆ ಸರಿದು, ಕೊನೆಗೆ ಎಂಜಲಿನೊಡನೆ ಉದುರಿಹೋಗುತ್ತವೆ. ಅಂಗಾಲಿನ ಚರ್ಮಕ್ಕೆ ಇರುವಂತಹ ದಪ್ಪನೆಯ ಒಣಹೊದಿಕೆ ಕೆನ್ನೆಯ ಒಳಗಿಲ್ಲ. ಆದ್ದರಿಂದಲೇ ಬಿಸಿ, ಖಾರ, ರೊಟ್ಟಿಯ ಅಂಚು ಇವೆಲ್ಲವೂ ಆ ಮೃದುವಾದ ಗೋಡೆಯನ್ನು ದಿನವೂ ಉಜ್ಜುತ್ತಿರುತ್ತವೆ.

ಹೀಗಿದ್ದೂ ಗೋಡೆ ಏಕೆ ಕುಸಿಯುವುದಿಲ್ಲ? ಇಲ್ಲಿ ಇಟ್ಟಿಗೆಗಳ ನಡುವೆ ಗಾರೆ ಎಂಬುದೊಂದು ಬೇರೆ ಪದಾರ್ಥವಿಲ್ಲ. ಪ್ರತಿಯೊಂದು ಕೋಶವೂ ತನ್ನ ಮೈಮೇಲೆ ನೂರಾರು ಸಣ್ಣ ಒತ್ತುಗುಂಡಿಗಳನ್ನು ಹೊಂದಿರುತ್ತದೆ. ನಾವು ರವಿಕೆಗೆ, ಮಕ್ಕಳ ಅಂಗಿಗೆ ಹೊಲಿಸುವ ಟಿಚ್ ಬಟನ್ನಿನಂತೆ, ಈ ಕೋಶದ ಗುಂಡಿಯೂ ಪಕ್ಕದ ಕೋಶದ ಗುಂಡಿಯೂ ಪರಸ್ಪರ ಕಚ್ಚಿಕೊಳ್ಳುತ್ತವೆ. ಈ ಗುಂಡಿಗೆ ಡೆಸ್ಮೋಸೋಮ್ ಎಂದು ಹೆಸರು. ಒಳಬದಿಯಲ್ಲಿ ಅದು ಕೋಶದ ಒಳಗಿನ ಎಳೆಗಳಿಗೆ ಬಿಗಿದಿರುತ್ತದೆ. ಹೊರಬದಿಯಲ್ಲಿ ಚಾಚಿಕೊಂಡು ನೆರೆಯವನ ಕೈ ಹಿಡಿಯುವ ಪ್ರೋಟೀನುಗಳಲ್ಲಿ ಮುಖ್ಯವಾದುದು ಡೆಸ್ಮೋಗ್ಲೀನ್. ಮನುಷ್ಯನಲ್ಲಿ ಇದು ನಾಲ್ಕು ಬಗೆ. ನಮ್ಮ ವಿಷಯಕ್ಕೆ ಬೇಕಾದವು ಒಂದನೆಯದು ಮತ್ತು ಮೂರನೆಯದು.

ಗೋಡೆಗೆ ತಳಪಾಯವೂ ಬೇಕು. ಕೆಳಗಿನ ವರಸೆಯ ಕೋಶಗಳು ಒಂದು ತೆಳುವಾದ ಹಾಸಿನ ಮೇಲೆ ಕುಳಿತಿರುತ್ತವೆ. ಇದನ್ನು ತಳಪೊರೆ ಎನ್ನೋಣ. ಕೋಶಗಳನ್ನು ಈ ಹಾಸಿಗೆ ಬಿಗಿಯುವ ಕೊಂಡಿಗಳೇ ಬೇರೆ, ಅವುಗಳ ಪ್ರೋಟೀನುಗಳೇ ಬೇರೆ. ಅಕ್ಕಪಕ್ಕದ ಹಿಡಿತ ಒಂದು, ನೆಲದ ಹಿಡಿತ ಇನ್ನೊಂದು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದಿನ ವಿಷಯವೆಲ್ಲ ಇದನ್ನೇ ಆಧರಿಸಿದೆ.

೨. ಕಾವಲುಗಾರನ ಭ್ರಮೆ

ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳಿವೆ ಎಂಬುದು ಪ್ರೌಢಶಾಲೆಯಲ್ಲೇ ಎಲ್ಲರೂ ಓದಿರುವ ಸಂಗತಿ. ಅವುಗಳ ಆಕಾರ ಕವಣೆಯ ಕವಲುಕಡ್ಡಿಯಂತೆ. ಎರಡು ಕವಲುಗಳ ತುದಿ ಶತ್ರುವನ್ನು ಹಿಡಿಯಲು. ಹಿಡಿಯ ಭಾಗ ಉಳಿದ ಸೈನ್ಯವನ್ನು ಕರೆಯಲು. ಬಿ ಜೀವಕೋಶಗಳು ಮತ್ತು ಅವುಗಳಿಂದ ಹುಟ್ಟುವ ಪ್ಲಾಸ್ಮಾ ಕೋಶಗಳು ಇವನ್ನು ತಯಾರಿಸುತ್ತವೆ. ಒಂದೊಂದು ಪ್ರತಿಕಾಯವೂ ಒಂದೊಂದು ಆಕಾರವನ್ನು ಮಾತ್ರ ಗುರುತಿಸುತ್ತದೆ. ಒಂದು ಬೀಗಕ್ಕೆ ಒಂದೇ ಕೀಲಿಕೈ ಎಂಬಂತೆ.

ಈ ಕೀಲಿಕೈಗಳು ನಮ್ಮದೇ ಮನೆಯ ಬೀಗಕ್ಕೆ ಏಕೆ ಹೊಂದಿಕೊಳ್ಳಬಾರದು? ಜರ್ಮನಿಯ ಪಾಲ್ ಎರ್ಲಿಚ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಈ ಪ್ರಶ್ನೆಯನ್ನು ಎತ್ತಿದರು. ದೇಹವು ತನಗೆ ತಾನೇ ವಿಷವಾಗುವುದನ್ನು ಹೇಗೋ ತಪ್ಪಿಸಿಕೊಳ್ಳುತ್ತದೆ ಎಂದು ಹೇಳಿ, ಆ ನಿಯಮಕ್ಕೆ 'ಹಾರರ್ ಆಟೋಟಾಕ್ಸಿಕಸ್', ಎಂದರೆ ಸ್ವವಿಷಭೀತಿ, ಎಂದು ಹೆಸರಿಟ್ಟರು. ಬಹುಕಾಲ ವಿದ್ವಾಂಸರು ಇದನ್ನು ದೇಹವು ಎಂದೂ ತಪ್ಪದ ನಿಯಮವೆಂದೇ ಭಾವಿಸಿದರು. ಅದು ತಪ್ಪಬಲ್ಲುದೆಂದು ೧೯೫೬ರಲ್ಲಿ ತೋರಿಸಿದವರಲ್ಲಿ ಅಮೆರಿಕದ ಬಫೆಲೋ ನಗರದ ವಿಟೆಬ್ಸ್ಕಿ ಮತ್ತು ರೋಸ್ ಪ್ರಮುಖರು. ಮೊಲದ ಥೈರಾಯ್ಡ್ ಗ್ರಂಥಿಯ ಸತ್ವಕ್ಕೆ ಬೇರೆ ಪದಾರ್ಥಗಳನ್ನು ಬೆರೆಸಿ ಮೊಲಕ್ಕೇ ಚುಚ್ಚಿದಾಗ, ಆ ಮೊಲ ತನ್ನ ಗ್ರಂಥಿಯ ಮೇಲೆಯೇ ಪ್ರತಿಕಾಯಗಳನ್ನು ತಯಾರಿಸಿತು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇಲ್ಲಿ ಒಂದು ಸ್ವಾರಸ್ಯ ಕಂಡಿತು: ವಿಟೆಬ್ಸ್ಕಿಯವರ ಗುರು ಹಾನ್ಸ್ ಸ್ಯಾಕ್ಸ್, ಸ್ಯಾಕ್ಸ್ ಅವರ ಗುರು ಎರ್ಲಿಚ್. ಗುರುವಿನ ಗುರು ಹಾಕಿದ ಗೆರೆಯನ್ನು ಶಿಷ್ಯಪರಂಪರೆಯೇ ತಿದ್ದಿತು.

ಈಗ ತಿಳಿದಿರುವುದು ಇಷ್ಟು. ಬಿ ಕೋಶಗಳು ಹುಟ್ಟುವಾಗ ಪ್ರಕೃತಿ ಲೆಕ್ಕವಿಲ್ಲದಷ್ಟು ಬಗೆಯ ಕೀಲಿಕೈಗಳನ್ನು ಯಾದೃಚ್ಛಿಕವಾಗಿ ಕಡೆಯುತ್ತದೆ. ಅವುಗಳಲ್ಲಿ ಕೆಲವು ಸ್ವಂತ ಬೀಗಕ್ಕೂ ಹೊಂದುವುದು ಅನಿವಾರ್ಯ. ಅಂತಹವನ್ನು ಆರಿಸಿ ನಾಶಮಾಡುವ ಅಥವಾ ಸುಮ್ಮನಾಗಿಸುವ ಏರ್ಪಾಡು ದೇಹದಲ್ಲಿದೆ. ಜರಡಿಯಲ್ಲಿ ಕೆಲವು ಕಾಳು ಜಾರುವಂತೆ, ಒಮ್ಮೊಮ್ಮೆ ಕೆಲವು ತಪ್ಪಿಸಿಕೊಳ್ಳುತ್ತವೆ. ತಪ್ಪಿಸಿಕೊಂಡ ಬಿ ಕೋಶಕ್ಕೆ ಟಿ ಕೋಶವೊಂದು ಅನುಮೋದನೆ ಕೊಟ್ಟರೆ ಅದು ಬೆಳೆದು ಸ್ವಪ್ರತಿಕಾಯಗಳನ್ನು ಸುರಿಸತೊಡಗುತ್ತದೆ. ಯಾರಲ್ಲಿ ಇದು ನಡೆಯುತ್ತದೆ ಎಂಬುದಕ್ಕೆ ಹುಟ್ಟಿನಿಂದ ಬಂದ ಕೆಲವು ವಂಶವಾಹಿ ಗುರುತುಗಳ ಸಂಬಂಧವಿದೆ. ಕೆಲವೊಮ್ಮೆ ಪೆನಿಸಿಲಮಿನ್‌ನಂತಹ ಔಷಧಗಳೂ ಕಿಡಿ ಹಚ್ಚುವುದುಂಟು. ಆದರೆ ಆ ಗುರುತುಗಳಿದ್ದವರಲ್ಲಿಯೂ ಬಹುತೇಕ ಮಂದಿಗೆ ರೋಗ ಬರುವುದೇ ಇಲ್ಲ. ಆದ್ದರಿಂದ ಇದನ್ನು ತಂದೆತಾಯಿಯರಿಂದ ನೇರವಾಗಿ ಇಳಿದುಬರುವ ರೋಗವೆಂದು ಹೇಳಲಾಗದು.

೩. ಪೆಂಫಿಗಸ್: ಗುಂಡಿ ಬಿಚ್ಚುವ ರೋಗ

ಪೆಂಫಿಗಸ್ ಎಂಬುದು ಗುಳ್ಳೆ ಎಂಬರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು. ಬಹುಕಾಲ ಮಾಯದ ಗುಳ್ಳೆರೋಗವೆಂಬ ಈಗಿನ ಅರ್ಥದಲ್ಲಿ ಇದನ್ನು ಬಳಸಿದವರು ಜರ್ಮನಿಯ ವಿಕ್‌ಮನ್, ೧೭೯೧ರಲ್ಲಿ. ೧೮೮೧ರಲ್ಲಿ ಔಸ್ಪಿಟ್ಸ್ ಎಂಬವರು ಈ ಗುಳ್ಳೆಗಳಲ್ಲಿ ಕೋಶಗಳು ಒಂದರಿಂದೊಂದು ಬಿಡಿಸಿಕೊಂಡಿರುವುದನ್ನು ಕಂಡರು. ೧೮೯೬ರಲ್ಲಿ ರಷ್ಯದ ನಿಕೋಲ್‌ಸ್ಕಿ, ಗುಳ್ಳೆಯಿಲ್ಲದ ಕಡೆಯಲ್ಲೂ ರೋಗಿಯ ಚರ್ಮವನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಮೇಲ್ಪದರ ಜಾರುವುದನ್ನು ವರ್ಣಿಸಿದರು. ಕೋಶಗಳ ಹಿಡಿತ ತಪ್ಪಿದೆ ಎಂಬುದು ಹೀಗೆ ಹತ್ತೊಂಬತ್ತನೆಯ ಶತಮಾನದಲ್ಲೇ ತಿಳಿದಿತ್ತು. ತಪ್ಪಿಸಿದವರು ಯಾರು ಎಂಬುದು ತಿಳಿದಿರಲಿಲ್ಲ.

೧೯೬೪ರಲ್ಲಿ ಅದೇ ಬಫೆಲೋ ನಗರದಲ್ಲಿ ಬಾಯ್ಟ್‌ನರ್ ಮತ್ತು ಜಾರ್ಡನ್ ಎಂಬ ವಿಜ್ಞಾನಿಗಳು ರೋಗಿಗಳ ರಕ್ತರಸವನ್ನು ಲೋಳೆಪೊರೆಯ ತೆಳುವಾದ ಚೂರಿನ ಮೇಲೆ ಹಾಕಿ, ಪ್ರತಿಕಾಯಗಳಿಗೆ ಅಂಟಿಕೊಂಡು ಹೊಳೆಯುವ ಬಣ್ಣವನ್ನು ಸೇರಿಸಿ ನೋಡಿದರು. ಕೋಶಗಳ ನಡುವಿನ ಸಂದುಗಳೆಲ್ಲ ಮೀನುಬಲೆಯಂತೆ ಹೊಳೆದುವು. ಶಂಕಿತನು ಸಿಕ್ಕಿದ, ಆದರೆ ಸ್ಥಳದಲ್ಲಿ ಇದ್ದ ಮಾತ್ರಕ್ಕೆ ಅಪರಾಧಿಯೆಂದು ತೀರ್ಮಾನಿಸುವಂತಿಲ್ಲವಷ್ಟೆ. ಗಾಯವಾದ ಮೇಲೆ ಪ್ರತಿಕಾಯ ಬಂದಿರಬಹುದು. ಆ ಸಂದೇಹವನ್ನು ನಿವಾರಿಸಿದ ಸಾಕ್ಷ್ಯಗಳು ಮುಂದೆ ದೊರೆತುವು. ೧೯೮೨ರಲ್ಲಿ ಅನ್ಹಾಲ್ಟ್ ಮತ್ತು ಸಂಗಡಿಗರು ರೋಗಿಗಳ ಪ್ರತಿಕಾಯಗಳನ್ನು ಬೇರ್ಪಡಿಸಿ ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಮರಿಗಳ ಮೈಯಲ್ಲಿ ಅದೇ ಬಗೆಯ ಗುಳ್ಳೆಗಳೆದ್ದುವು. ಪ್ರಕೃತಿಯೂ ಈ ಪ್ರಯೋಗವನ್ನು ಒಮ್ಮೊಮ್ಮೆ ನಡೆಸುತ್ತದೆ: ಈ ರೋಗವಿರುವ ತಾಯಿಗೆ ಹುಟ್ಟಿದ ಕೂಸಿನ ಮೈಮೇಲೆ ಗುಳ್ಳೆಗಳು ಕಾಣಿಸಿ, ತಾಯಿಯಿಂದ ಬಂದ ಪ್ರತಿಕಾಯಗಳು ಕರಗಿದಂತೆ ಕೆಲವು ವಾರಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಕೊನೆಗೆ ೧೯೯೧ರಲ್ಲಿ ಜಪಾನಿನ ಅಮಗಾಯ್, ಅಮೆರಿಕದ ಸ್ಟ್ಯಾನ್ಲಿ ಮತ್ತು ಸಂಗಡಿಗರು ಆ ಪ್ರತಿಕಾಯ ಹಿಡಿಯುವ ಗುರಿಯನ್ನು ಪತ್ತೆಮಾಡಿದರು. ಅದೇ ಇಂದು ಡೆಸ್ಮೋಗ್ಲೀನ್ ಮೂರು ಎನಿಸಿಕೊಂಡಿರುವುದು.

ಈಗ ಕಾರ್ಯಕಾರಣವನ್ನು ಜೋಡಿಸೋಣ. ಸ್ವಪ್ರತಿಕಾಯವು ರಕ್ತದಿಂದ ಒಸರಿ ಕೋಶಗಳ ನಡುವೆ ಬಂದು, ಡೆಸ್ಮೋಗ್ಲೀನು ನೆರೆಯ ಕೈ ಹಿಡಿಯುವ ತುದಿಯಲ್ಲೇ ಕುಳಿತುಕೊಳ್ಳುತ್ತದೆ. ಗುಂಡಿಯ ನಡುವೆ ಕಡ್ಡಿ ಸಿಕ್ಕಿದರೆ ಅದು ಕಚ್ಚುವುದು ಹೇಗೆ? ಜೊತೆಗೆ, ಪ್ರತಿಕಾಯ ಅಂಟಿದ ಡೆಸ್ಮೋಗ್ಲೀನನ್ನು ಕೋಶವು ಒಳಗೆ ಎಳೆದುಕೊಂಡು ಕರಗಿಸುವುದರಿಂದ ಇರುವ ಗುಂಡಿಗಳೂ ಕಡಮೆಯಾಗುತ್ತವೆ. ಕೋಶಗಳು ಸಾಯುವುದಕ್ಕೆ ಮೊದಲೇ ಕೈ ಬಿಡುತ್ತವೆ. ಬಿಟ್ಟ ಸಂದಿನಲ್ಲಿ ನೀರು ತುಂಬಿ ಗುಳ್ಳೆಯಾಗುತ್ತದೆ. ಅತ್ಯಂತ ಕೆಳಗಿನ ವರಸೆ ಮಾತ್ರ ನೆಲದ ಕೊಂಡಿಗಳು ಭದ್ರವಾಗಿರುವುದರಿಂದ ತಳಪೊರೆಗೆ ಅಂಟಿಕೊಂಡೇ ಉಳಿಯುತ್ತದೆ. ಬಾಯಿಯೊಳಗೆ ಗುಳ್ಳೆಯ ಮೇಲ್ಛಾವಣಿ ಬಹು ತೆಳು. ಒಂದು ತುತ್ತಿಗೇ ಅದು ಹರಿಯುತ್ತದೆ. ಆದ್ದರಿಂದ ರೋಗಿಯೂ ವೈದ್ಯನೂ ಗುಳ್ಳೆಯನ್ನು ಕಾಣುವುದೇ ಅಪರೂಪ; ಕಾಣುವುದು ಸುಲಿದ ಕೆಂಪು ಹುಣ್ಣು ಮಾತ್ರ. ರೋಗ ಗುರುತಿಗೆ ಸಿಗದೆ ತಿಂಗಳುಗಟ್ಟಲೆ ಅಲೆದಾಡಿಸುವುದಕ್ಕೆ ಇದೊಂದು ಮುಖ್ಯ ಕಾರಣ.

೪. ಬಾಯಿಗೇ ಏಕೆ ಮೊದಲು?

ಈ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲು ಹುಣ್ಣಾಗುವುದು ಬಾಯಿಯಲ್ಲಿ. ಮೈಮೇಲಿನ ಗುಳ್ಳೆಗಳು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬರುತ್ತವೆ, ಕೆಲವರಿಗೆ ಬರುವುದೇ ಇಲ್ಲ. ರಕ್ತ ಮೈಗೆಲ್ಲ ಹರಿಯುವಾಗ ಬಾಯಿಯ ಮೇಲೇ ಏಕೆ ಈ ದ್ವೇಷ? ಇದಕ್ಕೆ ವಿಜ್ಞಾನಿಗಳು ಕೊಡುವ ಉತ್ತರ ನನಗೆ ಅತ್ಯಂತ ಸುಂದರವಾಗಿ ಕಂಡಿತು.

ಗುಂಡಿಗಳಲ್ಲಿ ಎರಡು ಬಗೆಯ ಡೆಸ್ಮೋಗ್ಲೀನ್ ಇವೆ ಎಂದೆನಷ್ಟೆ. ಚರ್ಮದಲ್ಲಿ ಒಂದನೆಯದು ವಿಶೇಷವಾಗಿ ಮೇಲಿನ ಪದರಗಳಲ್ಲಿ ಹೇರಳ, ಮೂರನೆಯದು ಕೆಳಗಿನ ಪದರಗಳಲ್ಲಿ ಹೆಚ್ಚು. ಬಾಯಿಯಲ್ಲಾದರೋ ಮೂರನೆಯದೇ ಎಲ್ಲ ಪದರಗಳಲ್ಲೂ ಪ್ರಧಾನ, ಒಂದನೆಯದು ಅತ್ಯಲ್ಪ. ಒಂದು ಕೆಟ್ಟರೆ ಇನ್ನೊಂದು ಅದರ ಭಾರವನ್ನು ಹೊರಬಲ್ಲದು. ಈಗ ರೋಗಿಯ ರಕ್ತದಲ್ಲಿ ಮೂರನೆಯದರ ವಿರುದ್ಧ ಮಾತ್ರ ಪ್ರತಿಕಾಯವಿದೆ ಎಂದಿಟ್ಟುಕೊಳ್ಳಿ. ಚರ್ಮದಲ್ಲಿ ಒಂದನೆಯದು ನೆರವಿಗೆ ಬರುತ್ತದೆ, ಚರ್ಮ ಉಳಿಯುತ್ತದೆ. ಬಾಯಿಯಲ್ಲಿ ನೆರವಿಗೆ ಯಾರೂ ಇಲ್ಲ, ಬಾಯಿ ಸುಲಿಯುತ್ತದೆ. ಎರಡರ ವಿರುದ್ಧವೂ ಪ್ರತಿಕಾಯ ಹುಟ್ಟಿದರೆ ಬಾಯಿ, ಮೈ ಎರಡೂ ಗುಳ್ಳೆಯೇಳುತ್ತವೆ. ಒಂದನೆಯದರ ವಿರುದ್ಧ ಮಾತ್ರ ಇದ್ದರೆ? ಈ ತರ್ಕದ ಪ್ರಕಾರ ಚರ್ಮದ ಮೇಲ್ಪದರ ಸುಲಿದು ಬಾಯಿ ಉಳಿಯಬೇಕು. ಪೆಂಫಿಗಸ್ ಫೋಲಿಯೇಸಿಯಸ್ ಎಂಬ ಇನ್ನೊಂದು ರೋಗದಲ್ಲಿ ನಡೆಯುವುದು ಸರಿಯಾಗಿ ಅದೇ. ಒಂದು ಊಹೆ ಮೂರು ಸಂದರ್ಭಗಳಲ್ಲೂ ನಿಜವಾದಾಗ ಅದನ್ನು ನಂಬಬಹುದೆಂದು ನಮ್ಮ ತರ್ಕಶಾಸ್ತ್ರವೂ ಹೇಳುತ್ತದೆ.

೫. ಪೆಂಫಿಗಾಯ್ಡ್: ನೆಲ ಬಿಡಿಸುವ ರೋಗ

೧೯೫೩ರವರೆಗೆ ದೊಡ್ಡ ಗುಳ್ಳೆಗಳೇಳುವ ಹಲವು ರೋಗಗಳನ್ನು ಪೆಂಫಿಗಸ್ ಎಂಬ ಒಂದೇ ಚೀಲದಲ್ಲಿ ತುಂಬುತ್ತಿದ್ದರು. ಆ ವರ್ಷ ಅಮೆರಿಕದಲ್ಲಿದ್ದ ವಾಲ್ಟರ್ ಲೀವರ್ ಸೂಕ್ಷ್ಮದರ್ಶಕದ ಆಧಾರದಿಂದ, ಗೋಡೆಯ ಮಧ್ಯದಲ್ಲಿ ಬಿರಿಯುವುದು ಬೇರೆ, ಗೋಡೆಯೇ ನೆಲದಿಂದ ಕಿತ್ತುಬರುವುದು ಬೇರೆ ಎಂದು ವಿಂಗಡಿಸಿ, ಎರಡನೆಯದಕ್ಕೆ ಪೆಂಫಿಗಾಯ್ಡ್ ಎಂದು ಹೆಸರಿಟ್ಟರು. ಬಾಯಿಗೆ ಸಂಬಂಧಿಸಿದ್ದು ಲೋಳೆಪೊರೆಯ ಪೆಂಫಿಗಾಯ್ಡ್. ಇಲ್ಲಿ ಪ್ರತಿಕಾಯಗಳು ಹಿಡಿಯುವುದು ನೆಲದ ಕೊಂಡಿಗಳನ್ನು: ಬಿಪಿ ೧೮೦, ಲ್ಯಾಮಿನಿನ್ ೩೩೨ ಮೊದಲಾದ ಪ್ರೋಟೀನುಗಳನ್ನು. ಹೆಚ್ಚಾಗಿ ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ವಸಡು ಕೆಂಪಾಗಿ ಪದರಪದರವಾಗಿ ಸುಲಿಯುವುದು ಇದರ ಸಾಮಾನ್ಯ ಲಕ್ಷಣ.

ಎರಡು ರೋಗಗಳ ಕಾರ್ಯವಿಧಾನವೂ ಬೇರೆ. ಪೆಂಫಿಗಸ್ಸಿನ ಪ್ರತಿಕಾಯ ಏಕಾಂಗಿ. ಬೇರೆಯವರನ್ನು ಕರೆಯದೆ ತಾನೇ ಗುಂಡಿ ಬಿಚ್ಚಬಲ್ಲದು. ಪೆಂಫಿಗಾಯ್ಡಿನದು ಬಹುಮಟ್ಟಿಗೆ ತನ್ನ ಹಿಡಿಯ ಭಾಗದಿಂದ ರಕ್ತದ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನೂ ಬಿಳಿಯ ರಕ್ತಕಣಗಳನ್ನೂ ಕರೆಯುತ್ತದೆ. ಆ ಕಣಗಳು ಸುರಿಸುವ ಕಿಣ್ವಗಳು ನೆಲದ ಹಾಸನ್ನು ಕೊರೆಯುತ್ತವೆ. ನೆಲ ಕೊರೆದಲ್ಲಿ ಮಾಯುವಾಗ ಗಂಟುಕಲೆ ಉಳಿಯಬಹುದು. ಈ ಕಲೆ ಕಣ್ಣಿನಲ್ಲಾದರೆ ರೆಪ್ಪೆ ಗುಡ್ಡೆಗೆ ಅಂಟಿ ದೃಷ್ಟಿಯೇ ಹೋಗಬಹುದು. ಆದುದರಿಂದಲೇ ಬಾಯಿಯಲ್ಲಿ ಪೆಂಫಿಗಾಯ್ಡ್ ಎಂದು ತಿಳಿದವರು ಕಣ್ಣು ಉರಿಯದಿದ್ದರೂ ಕಣ್ಣಿನ ವೈದ್ಯರನ್ನು ಕಾಣಬೇಕು. ತಲೆಬರಹದ ಗಾದೆಯನ್ನು ಇಲ್ಲಿ ಸ್ವಲ್ಪ ತಿದ್ದಬೇಕಾಗುತ್ತದೆ: ಒಂದು ರೋಗದಲ್ಲಿ ಬೇಲಿ ಎದ್ದು ಹೊಲದ ಕಟ್ಟನ್ನು ಬಿಚ್ಚುತ್ತದೆ, ಇನ್ನೊಂದರಲ್ಲಿ ಬೇಲಿ ದನಗಳನ್ನು ಕೂಗಿ ಕರೆದು ಹೊಲಕ್ಕೆ ಬಿಡುತ್ತದೆ.

೬. ಪತ್ತೆಯ ಕ್ರಮ

ಬಾಯಿಹುಣ್ಣುಗಳೆಲ್ಲ ಈ ರೋಗಗಳಲ್ಲ. ನಮಗೆಲ್ಲ ಆಗಾಗ ಬರುವ ಸಣ್ಣ ಬಿಳಿಯ ಹುಣ್ಣು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಮಾಯುತ್ತದೆ. ಬಿಳಿಯ ಜರಿಯ ಕಸೂತಿಯಂತೆ ಗೆರೆಗಳು ಕಾಣುವ ಲೈಕೆನ್ ಪ್ಲೇನಸ್ ಮುಖ್ಯವಾಗಿ ಟಿ ಕೋಶಗಳ ಕೃತ್ಯ. ಹೊಗೆಸೊಪ್ಪು, ಅಡಿಕೆ ಅಗಿಯುವವರ ಬಾಯಿಯಲ್ಲಿ ಮಾಯದ ಹುಣ್ಣು ಅರ್ಬುದದ ಮೊದಲ ಕುರುಹಾಗಿರಬಹುದು. ಆದ್ದರಿಂದ ಎರಡು ವಾರ ಮೀರಿದ ಯಾವ ಬಾಯಿಹುಣ್ಣನ್ನೂ ಉಷ್ಣವೆಂದು ಕಡೆಗಣಿಸದೆ ವೈದ್ಯರಿಗೆ ತೋರಿಸಬೇಕು. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ವಾಚಕರು ಇದನ್ನು ನೆನಪಿಡಲಿ.

ವೈದ್ಯರು ಹುಣ್ಣಿನ ತಳವನ್ನು ಕೆರೆದು ಗಾಜಿನ ಮೇಲೆ ಸವರಿ ನೋಡಿದರೆ ಪೆಂಫಿಗಸ್ಸಿನಲ್ಲಿ ಕೈಬಿಟ್ಟ ಕೋಶಗಳು ಒಂಟೊಂಟಿಯಾಗಿ ಗುಂಡಗೆ ಕಾಣುತ್ತವೆ. ಟ್ಸಾಂಕ್ ಎಂಬವರು ೧೯೪೭ರಲ್ಲಿ ರೂಢಿಗೆ ತಂದ ಈ ಪರೀಕ್ಷೆ ಬಹು ಅಗ್ಗದ್ದು. ಅನಂತರ ಬಯಾಪ್ಸಿ, ಎಂದರೆ ಚೂರು ತೆಗೆಯುವುದು. ಹುಣ್ಣಿನ ನಡುವಿನಿಂದ ತೆಗೆದರೆ ಮೇಲಿನ ಗೋಡೆಯೇ ಹೋಗಿರುವುದರಿಂದ ಪ್ರಯೋಜನವಿಲ್ಲ. ಹುಣ್ಣಿನ ಪಕ್ಕದ, ನೋಡಲು ಚೆನ್ನಾಗಿರುವ ಭಾಗದಿಂದ ತೆಗೆಯಬೇಕು. ಚೆನ್ನಾಗಿರುವ ಕಡೆ ಏಕೆ ಕತ್ತರಿಸುತ್ತಾರೆ ಎಂದು ನನ್ನ ತಾಯಿ ಅಂದು ಹೆದರಿದ್ದರು. ಕಾರಣ ತಿಳಿದಿದ್ದರೆ ಹೆದರುತ್ತಿರಲಿಲ್ಲ. ಆ ಚೂರಿಗೆ ಹೊಳೆಯುವ ಬಣ್ಣವನ್ನು ಹಾಕಿ ನೋಡಿದಾಗ ಮೀನುಬಲೆ ಕಂಡರೆ ಪೆಂಫಿಗಸ್. ಕೆಳಗೆ ನೇರವಾದ ಒಂದು ಗೆರೆ ಕಂಡರೆ ಪೆಂಫಿಗಾಯ್ಡ್. ಪ್ರತಿಕಾಯದ ಪ್ರಮಾಣವನ್ನು ರಕ್ತಪರೀಕ್ಷೆಯಿಂದ ಅಳೆಯುವುದೂ ಈಗ ಸಾಧ್ಯವಾಗಿದೆ.

೭. ಚಿಕಿತ್ಸೆಯ ಚರಿತ್ರೆ

ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಪೆಂಫಿಗಸ್ ಎಂದರೆ ಮರಣದಂಡನೆಯೇ ಆಗಿತ್ತು. ಸುಲಿದ ಮೈಯಿಂದ ನೀರೂ ಪ್ರೋಟೀನೂ ಸೋರಿ, ನಂಜೇರಿ, ಬಾಯಿಗೆ ಅನ್ನವಿಲ್ಲದೆ ಬಹುಪಾಲು ರೋಗಿಗಳು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ಕಾರ್ಟಿಸೋನಿನ ಶೋಧಕ್ಕೆ ಸಂಬಂಧಿಸಿ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಅವರಿಗೆ ೧೯೫೦ರಲ್ಲಿ ನೊಬೆಲ್ ಬಹುಮಾನ ಬಂದಿತು. ಆ ಜಾತಿಯ ಸ್ಟೀರಾಯ್ಡ್ ಔಷಧಗಳು ಬಂದ ಮೇಲೆ ರೋಗಿಗಳು ಬದುಕತೊಡಗಿದರು. ಆದರೆ ದೊಡ್ಡ ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ಸಕ್ಕರೆ ಏರುವುದು, ಮೂಳೆ ಸವೆಯುವುದು, ಸೋಂಕು ತಗಲುವುದು ಮೊದಲಾದ ತೊಡಕುಗಳುಂಟು. ಥಟ್ಟನೆ ನಿಲ್ಲಿಸುವುದೂ ಅಪಾಯ.

ಇಲ್ಲಿ ಭಾರತದ ಕೊಡುಗೆಯೊಂದನ್ನು ಸ್ಮರಿಸಬೇಕು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಡಾ. ಜೆ. ಎಸ್. ಪಸ್ರೀಚಾ ಅವರು ೧೯೮೪ರಲ್ಲಿ ಒಂದು ಹೊಸ ಕ್ರಮವನ್ನು ಪ್ರಕಟಿಸಿದರು. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ ೧೦೦ ಮಿಲಿಗ್ರಾಮಿನಂತೆ ಸತತ ಮೂರು ದಿನ ಗ್ಲೂಕೋಸಿನೊಡನೆ ರಕ್ತನಾಳಕ್ಕೆ ಕೊಡುವುದು. ಅದರಲ್ಲಿ ಒಂದು ದಿನ ೫೦೦ ಮಿಲಿಗ್ರಾಮ್ ಸೈಕ್ಲೋಫಾಸ್ಫಮೈಡನ್ನು ಸೇರಿಸುವುದು. ೨೮ ದಿನಗಳಿಗೊಮ್ಮೆ ಇದನ್ನು ಪುನರಾವರ್ತಿಸಿ, ನಡುವೆ ಸೈಕ್ಲೋಫಾಸ್ಫಮೈಡನ್ನು ೫೦ ಮಿಲಿಗ್ರಾಮಿನಂತೆ ದಿನವೂ ನುಂಗಿಸುವುದು. 'ಪಲ್ಸ್ ಚಿಕಿತ್ಸೆ' ಎಂದು ಹೆಸರಾದ ಈ ಕ್ರಮ ನಮ್ಮ ದೇಶದ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಹಬ್ಬಿತು. ಬಡ ರೋಗಿ ತಿಂಗಳಿಗೆ ಮೂರು ದಿನ ಆಸ್ಪತ್ರೆಗೆ ಬಂದು ಉಳಿದ ದಿನ ದುಡಿಮೆ ಮಾಡಬಹುದು ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಸಣ್ಣ ಮಾತಾಗಿ ತೋರುವುದಿಲ್ಲ.

ಇತ್ತೀಚಿನದು ರಿಟುಕ್ಸಿಮ್ಯಾಬ್. ಅಮೆರಿಕದಲ್ಲಿ ೨೦೧೮ರಲ್ಲಿ ಪೆಂಫಿಗಸ್ ವಲ್ಗಾರಿಸ್ಸಿಗೆ ಇದಕ್ಕೆ ಒಪ್ಪಿಗೆ ದೊರೆಯಿತು. ಇದೂ ಒಂದು ಪ್ರತಿಕಾಯವೇ, ಪ್ರಯೋಗಶಾಲೆಯಲ್ಲಿ ತಯಾರಾದದ್ದು. ಬಿ ಕೋಶಗಳ ಮೈಮೇಲಿನ ಒಂದು ಗುರುತನ್ನು ಹಿಡಿದು ಅವನ್ನು ಕಡಮೆ ಮಾಡುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದೆಂದರೆ ಇದೇ. ಆದರೆ ಮದ್ದು ಕೊಟ್ಟ ಮರುದಿನವೇ ಹುಣ್ಣು ಮಾಯುವುದಿಲ್ಲ. ರಕ್ತದಲ್ಲಿ ಈಗಾಗಲೇ ಇರುವ ಪ್ರತಿಕಾಯಗಳು ಅರ್ಧಕ್ಕಿಳಿಯಲು ಸುಮಾರು ಮೂರು ವಾರ ಬೇಕು. ಮತ್ತೆ ಅರ್ಧವಾಗಲು ಇನ್ನು ಮೂರು ವಾರ. ಈ ಲೆಕ್ಕ ತಿಳಿಯದ ರೋಗಿಗಳು ಮದ್ದು ನಾಟಲಿಲ್ಲವೆಂದು ನಿರಾಶರಾಗಿ ಬಿಟ್ಟುಬಿಡುವುದುಂಟು. ತಾಳ್ಮೆಯೂ ಇಲ್ಲಿ ಚಿಕಿತ್ಸೆಯ ಒಂದು ಭಾಗ.

೮. ನಮ್ಮ ಊರಿನಲ್ಲಿ

ಇದು ಅಪರೂಪದ ರೋಗ. ನೆರೆಯ ಕೇರಳದ ತ್ರಿಶೂರು ಜಿಲ್ಲೆಯಲ್ಲಿ ನಡೆಸಿ ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹೊಸದಾಗಿ ಪೆಂಫಿಗಸ್ ಬಂದವರು ೪.೪ ಮಂದಿ. ೨೦೧೧ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು ೬ ಕೋಟಿ ೧೧ ಲಕ್ಷ. ಅದೇ ದರ ಇಲ್ಲಿಗೂ ಹೊಂದುವುದಾದರೆ ವರ್ಷಕ್ಕೆ ಸುಮಾರು ೨೭೦ ಹೊಸ ರೋಗಿಗಳು ಎಂದಾಗುತ್ತದೆ. ಇದು ನನ್ನ ಅಂದಾಜಿನ ಗುಣಾಕಾರವೇ ಹೊರತು ಎಣಿಕೆಯಲ್ಲ. ಆದರೂ ಅಪರೂಪವೆಂದರೆ ಇಲ್ಲವೆಂದಲ್ಲ ಎಂಬುದನ್ನು ಅದು ತೋರಿಸುತ್ತದೆ.

ಗಾಂಧಿನಗರದಿಂದ ಮೆಜೆಸ್ಟಿಕ್ಕಿಗೆ ನಡೆದು ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಚಿಕ್ಕಪೇಟೆಯಾದ ಮೇಲೆ ಬರುವುದು ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣ. ಅಲ್ಲಿಳಿದರೆ ಕೋಟೆಯ ಆಸುಪಾಸಿನಲ್ಲೇ ೧೯೦೦ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ, ೧೯೫೫ರಲ್ಲಿ ಆರಂಭವಾದ ಬೆಂಗಳೂರು ವೈದ್ಯಕೀಯ ಕಾಲೇಜು, ೧೯೫೮ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ಚಾಮರಾಜಪೇಟೆಯ ಕಡೆಗೆ ಮಿಂಟೋ ಕಣ್ಣಾಸ್ಪತ್ರೆ, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಬಾಯಿ, ಚರ್ಮ, ಕಣ್ಣು ಮೂರನ್ನೂ ಮುಟ್ಟುವ ಈ ರೋಗಗಳಿಗೆ ಬೇಕಾದ ಮೂರು ಬಗೆಯ ವಿದ್ಯೆಯೂ ಇಷ್ಟು ಹತ್ತಿರದಲ್ಲಿರುವುದು ನಮ್ಮ ಊರಿನ ಭಾಗ್ಯ. ಕೊರತೆಯಿರುವುದು ರೋಗಿಯನ್ನು ಅಲ್ಲಿಗೆ ಬೇಗ ಕರೆತರುವ ತಿಳಿವಳಿಕೆಯಲ್ಲಿ.

ಇನ್ನೊಂದು ತಿಳಿವಳಿಕೆಯೂ ಅಗತ್ಯ. ಇದು ಅಂಟುರೋಗವಲ್ಲ. ಕ್ರಿಮಿಯಿಂದ ಬಂದುದಲ್ಲವಾದ್ದರಿಂದ ಎಂಜಲಿನಿಂದಲೋ ಲೋಟದಿಂದಲೋ ಹರಡುವ ಮಾತೇ ಇಲ್ಲ. ನಮ್ಮ ವಠಾರದಲ್ಲಿ ಕೆಲವು ತಿಂಗಳು ನಮ್ಮ ಮನೆಯ ಲೋಟದಲ್ಲಿ ಯಾರೂ ನೀರು ಕುಡಿಯಲಿಲ್ಲ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವವರು ಯಾರೂ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಶತಮಾನ ಕಳೆದರೂ ಒಪ್ಪಿಗೆಯ ಪತ್ರವನ್ನು ಓದಿ ತಾಯಿಗೆ ಅರ್ಥ ಹೇಳಲಾಗದ ಪದವಿ ವಿದ್ಯಾರ್ಥಿಗಳು ನನ್ನಂತಹವರು ಎಷ್ಟು ಮಂದಿಯೋ! ಇದು ಭಾಷೆಯ ದೋಷವಲ್ಲ. ಬಳಸದ ನಮ್ಮ ದೋಷ.

ಉಪಸಂಹಾರ

ವಿಷಯವೆಲ್ಲ ಒಂದು ಹದಕ್ಕೆ ಬಂದ ಮೇಲೆ ಒಂದು ಸಂ‌ಜೆ ತಾಯಿಯ ಹತ್ತಿರ ಕುಳಿತು ಹೇಳಿದೆ. ಇಟ್ಟಿಗೆ, ಗುಂಡಿ, ಗುಂಡಿಯ ನಡುವೆ ಸಿಕ್ಕ ಕಡ್ಡಿ, ಆ ಕಡ್ಡಿಯನ್ನು ಮಾಡುವ ಕಾರ್ಖಾನೆ, ಕಾರ್ಖಾನೆಯನ್ನು ಮುಚ್ಚಿಸುವ ಮದ್ದು, ಮೂರು ಮೂರು ವಾರಗಳ ಲೆಕ್ಕ ಎಲ್ಲವನ್ನೂ ಹೇಳಿದೆ. ಯಾವ ತಪ್ಪಿಗೂ ಬಂದ ಶಿಕ್ಷೆಯಲ್ಲ, ಜರಡಿಯಲ್ಲಿ ಜಾರಿದ ಒಂದು ಕಾಳು ಎಂದೆ. ಅವರು ಬಹಳ ಹೊತ್ತು ಕೇಳಿ, "ಹಾಗಾದರೆ ಯಾರ ಕಣ್ಣೂ ಬಿದ್ದದ್ದಲ್ಲ" ಎಂದರು. ಅನಂತರ, "ಇದನ್ನು ಮೊದಲೇ ಹೇಳಿದ್ದರೆ ಹಲ್ಲು ಕೀಳಿಸುತ್ತಿರಲಿಲ್ಲವಲ್ಲೋ" ಎಂದರು. ಅದಕ್ಕೆ ಮಾತ್ರ ನನ್ನಲ್ಲಿ ಈಗಲೂ ಉತ್ತರವಿಲ್ಲ.

ಚಿಕಿತ್ಸೆ ಇನ್ನೂ ನಡೆಯುತ್ತಿದೆ, ಮಾತ್ರೆಗಳು ಕಡಮೆಯಾಗಿವೆ. ರೋಗ ಮರುಕಳಿಸಬಹುದೆಂಬ ಎಚ್ಚರ ನಮಗಿದೆ. ಹೋದ ತಿಂಗಳಿನಿಂದ ತಾಯಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಸಾರಿನ ಹನಿಯನ್ನು ಅಂಗೈಗೆ ಹಾಕಿಕೊಂಡು, ಸ್ವಲ್ಪ ಆರಿಸಿ, ನಾಲಗೆಗೆ ಮುಟ್ಟಿಸಿ ನೋಡುತ್ತಾರೆ. ಉಪ್ಪು ಕಡಮೆಯಾಗಿದ್ದರೆ ಹೇಳುತ್ತಾರೆ.